ಪುಟ್ಟಸಿದ್ದಯ್ಯನ ರಿಚ್ಚು

ಪುಟ್ಟಸಿದ್ದಯ್ಯನಿಗೆ ಗೊತ್ತಿದ್ದ ಇಂಗ್ಲಿಷ್ ಮಾತು ಒಂದೇ: ರಿಚ್. ಅದೊಂದನ್ನೇ ಇಟ್ಟುಕೊಂಡು ಕೊಳ್ಳೇಗಾಲದಲ್ಲಿ ಹದಿನಾಲ್ಕು ವರ್ಷ ರೇಷ್ಮೆ ಸೀರೆ ಮಾರಿದ. ನಂಬದಿದ್ದರೆ ಬಿಡಿ, ನಾನು ಕಣ್ಣಾರೆ ಕಂಡವಳು. ಪುಟ್ಟಮಲ್ಲಪ್ಪನವರ ಸೀರೆ ಅಂಗಡಿಯ ಮೂಲೆಯಲ್ಲಿ ಕೂತು ಸೆರಗಿಗೆ ಕುಚ್ಚು ಕಟ್ಟುತ್ತಿದ್ದ ಚನ್ನಾಜಮ್ಮ ನಾನೇ.

ಆ ಮಾತು ಅವನಿಗೆ ಸಿಕ್ಕಿದ್ದು ಐವತ್ತಾರರಲ್ಲಿ, ನಮ್ಮ ತಾಲ್ಲೂಕು ಮೈಸೂರಿಗೆ ಸೇರಿದ ವರ್ಷ. ಆಗ ತಾನೇ ಹೂಗ್ಯಂನಿಂದ ಬಂದು ಕೆಲಸಕ್ಕೆ ಸೇರಿದ್ದ. ಮದ್ರಾಸಿನ ವ್ಯಾಪಾರಿಯೊಬ್ಬ ಅರಿಶಿನ ಬಣ್ಣದ ಸೀರೆಯೊಂದನ್ನು ಬಾಗಿಲ ಬಿಸಿಲಿಗೆ ಹಿಡಿದು, ಬಹಳ ಹೊತ್ತು ನೋಡಿ, 'ರಿಚ್' ಎಂದು ಕೆಳಗಿಟ್ಟ. ಬೆಲೆ ಕೇಳಲೇ ಇಲ್ಲ. ಬೆಲೆ ಕೇಳದೆ ಹೊಗಳುವ ವ್ಯಾಪಾರಿಯನ್ನು ಸಿದ್ದಯ್ಯ ಅದುವರೆಗೆ ಕಂಡಿರಲಿಲ್ಲ. ಮಾತು ನಾಲಿಗೆಗೆ ಅಂಟಿಕೊಂಡಿತು.

ಹಾಗಂತ ಕಂಡಕಂಡ ಸೀರೆಗೆಲ್ಲ ಅದನ್ನು ಅನ್ನುತ್ತಿರಲಿಲ್ಲ. ಪಕ್ಕದಲ್ಲಿ ಒಂದು ಚೊಂಬು ನೀರಿರುತ್ತಿತ್ತು. ತನ್ನ ಬಿಳಿ ಪಂಚೆಯ ಚುಂಗನ್ನು ಅದರಲ್ಲಿ ಅದ್ದಿ, ಸೀರೆಯ ಅಂಚಿನ ಒಳಮಗ್ಗುಲಿಗೆ ಉಜ್ಜಿ, ಬೆಳಕಿಗೆ ಹಿಡಿಯುತ್ತಿದ್ದ. ಪಂಚೆಗೆ ಬಣ್ಣ ಹತ್ತದಿದ್ದರೆ ಸೀರೆಯನ್ನು ಹೆಗಲ ಮೇಲೆ ಹೊದ್ದು, ಗಂಡಸೆಂಬ ನಾಚಿಕೆಯಿಲ್ಲದೆ ಒಂದು ಸುತ್ತು ತಿರುಗಿ, "ರಿಚ್ಚಾಗದೆ ಕಣವ್ವ" ಅನ್ನುತ್ತಿದ್ದ. ಅಷ್ಟಾದರೆ ವ್ಯಾಪಾರ ಮುಗಿದ ಹಾಗೆ.

ಬರುಬರುತ್ತಾ ಮಾತು ಅಂಗಡಿಯಿಂದ ಹೊರಗೂ ಬಿತ್ತು. ಮುಳ್ಳೂರಿನ ಅಕ್ಕನ ಗದ್ದೆಯ ಮಣ್ಣು ಹಿಸುಕಿ ನೋಡಿ ರಿಚ್ ಎಂದ. ಹೆಂಡತಿ ರಾಚಮ್ಮನ ಅವರೆಕಾಳಿನ ಸಾರು ರಿಚ್, ಸೋಬಾನೆ ಹೇಳುವ ಸೋಮಮ್ಮನ ಗಂಟಲು ರಿಚ್. ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ಷಡಕ್ಷರಿಯವರು ಮಡದಿಗೆ ಸೀರೆ ಕೊಳ್ಳಲು ಬಂದಾಗ ಇದನ್ನೆಲ್ಲ ಕೇಳಿ ನಗುತ್ತಾರೆಂದು ನಾನು ಕಾದೆ. ಅವರು ನಗಲಿಲ್ಲ.

"ಎಲ್ಲ ಸರಿಯಾಗೇ ಹೇಳ್ತಿದ್ದೀಯಪ್ಪ. ಇಂಗ್ಲಿಷಿನವರೂ ಮಣ್ಣು, ಊಟ, ಬಣ್ಣ, ದನಿ ಎಲ್ಲಕ್ಕೂ ಹಾಗೇ ಅಂತಾರೆ," ಎಂದರು. "ಬಹಳ ಹಿಂದೆ ಆ ಮಾತಿಗೆ ಬಲ, ಆಳೋ ಶಕ್ತಿ ಅಂತಲೇ ಅರ್ಥ ಇತ್ತು. ನಮ್ಮ ರಾಜ ಅನ್ನೋ ಮಾತಿಗೆ ಅದು ದೂರದ ನೆಂಟ. ದುಡ್ಡು ಆಮೇಲೆ ಬಂದು ಸೇರ್ಕೊಂಡಿದ್ದು."

"ದುಡ್ಡಿನ ಇಚಾರ ನಂಗೆ ಗೊತ್ತೇ ಇರ್ನಿಲ್ಲ ಸಾ," ಎಂದ ಸಿದ್ದಯ್ಯ.

ಗಲ್ಲಾದ ಹಿಂದೆ ಕೂತಿದ್ದ ಪುಟ್ಟಮಲ್ಲಪ್ಪನವರ ಕಿವಿ ನೆಟ್ಟಗಾಯಿತು. "ಅಂಗಾದ್ರೆ ನಾನು ರಿಚ್ ಅಲ್ವೇನ್ಲಾ?"

"ನೋಡವ ಸಾವ್ಕಾರ್ರೆ. ಇನ್ನೂ ಒದ್ದೆ ಮಾಡಿ ಉಜ್ಜಿಲ್ವಲ್ಲ."

ನಾನು ನಕ್ಕ ರಭಸಕ್ಕೆ ಕೈಯಲ್ಲಿದ್ದ ಕುಚ್ಚೆಲ್ಲ ಬಿಚ್ಚಿಹೋಯಿತು.

ಎಪ್ಪತ್ತರಲ್ಲಿ ಸಾಹುಕಾರರು ಅಗ್ಗಕ್ಕೆ ಸಿಕ್ಕಿತೆಂದು ಎಲ್ಲಿಂದಲೋ ಒಂದು ಗಂಟು ಸೀರೆ ತಂದರು. ಸಿದ್ದಯ್ಯ ಮೊದಲನೆಯದನ್ನೇ ಉಜ್ಜಿದ. ಪಂಚೆಯ ಚುಂಗು ಎಲೆಅಡಿಕೆ ಉಗಿದ ಹಾಗೆ ಕೆಂಪಾಯಿತು.

"ಚೊಂಬು ಎತ್ತಿ ಒಳಗಿಡು," ಎಂದರು ಸಾಹುಕಾರರು. "ಉಜ್ಜಬ್ಯಾಡ. ಬಾಯಲ್ಲಿ ರಿಚ್ ಅಂತ ಏಳು, ಸಾಕು."

ಆ ಮಧ್ಯಾಹ್ನ ಮುಳ್ಳೂರಿನ ಹಳೆಯ ಗಿರಾಕಿ ಮಹಾಲಕ್ಷ್ಮಮ್ಮ ಬಂದರು. ಅದೇ ಗಂಟಿನ ಸೀರೆಯೊಂದು ಅವರ ಕಣ್ಣಿಗೆ ಬಿತ್ತು. ಸಿದ್ದಯ್ಯ ಅದನ್ನು ಹೆಗಲಿಗೆ ಹಾಕಿಕೊಂಡ, ತಿರುಗಿದ, ಸುಮ್ಮನೆ ನಿಂತ.

"ಯಾಕ್ ಸಿದ್ದಯ್ಯ, ಆ ಮಾತು ಬರ್ನಿಲ್ವಲ್ಲ?"

"ಬರ್ನಿಲ್ಲ ಕಣವ್ವ."

ಮಹಾಲಕ್ಷ್ಮಮ್ಮ ಎದ್ದು ಹೋದರು. ಸಾಹುಕಾರರು ಅವನಿಗೆ ನಾಳೆಯಿಂದ ಬರಬೇಡವೆಂದರು. ಮನೆಯಲ್ಲಿ ಹೆಂಡತಿ, ಓದುವ ಇಬ್ಬರು ಹೆಣ್ಣುಮಕ್ಕಳು, ಅವನ ಸಂಬಳ ಬಿಟ್ಟರೆ ಬೇರೆ ದಾರಿಯಿಲ್ಲ. ಒಂದು ಮಾತು ಅಂದುಬಿಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಅವತ್ತು ನನಗೂ ಸಿಟ್ಟು ಬಂತು, ಸುಳ್ಳು ಹೇಳಲಾರೆ.

ಆಮೇಲೆ ಶುರುವಾಯಿತು ಅಂಗಡಿಯ ಗ್ರಹಚಾರ. ಬಂದವರು ಸೀರೆ ಮಗುಚಿ ನೋಡಿ, ಸಿದ್ದಯ್ಯ ಎಲ್ಲಿ ಎಂದು ಕೇಳಿ, ಆಮೇಲೆ ಬರುತ್ತೇವೆಂದು ಎದ್ದು ಹೋಗುವರು. ಸಾಹುಕಾರರೇ ಒಮ್ಮೆ ಸೀರೆ ಹೊದ್ದು "ರಿಚ್" ಎಂದು ನೋಡಿದರು. ಹೊಟ್ಟೆಯ ಮೇಲೆ ಸೀರೆ ನಿಲ್ಲಲಿಲ್ಲ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಹೇಗೋ ಆ ಅಗ್ಗದ ಗಂಟಿನಿಂದ ಹನೂರಿಗೊಂದು, ಯಳಂದೂರಿಗೊಂದು ಸೀರೆ ಮಾರಿಹೋದವು. ಆಮೇಲೆ ಸಿದ್ದಯ್ಯನ ಜಾಗಕ್ಕೆ ಬಂದ ಹೊಸ ಆಳು ಗಂಟಿನಲ್ಲಿ ಉಳಿದವನ್ನು ಬಿಚ್ಚಿ ಒಳ್ಳೆಯ ಸೀರೆಗಳ ಜೊತೆ ಬೆರೆಸಿ ಜೋಡಿಸಿಬಿಟ್ಟ. ಯಾವುದು ಯಾವುದೆಂದು ಒಬ್ಬರಿಗೂ ತಿಳಿಯದಾಯಿತು.

ಅಷ್ಟರಲ್ಲಿ ಸಾಹುಕಾರರ ಮಗಳ ಮದುವೆ ಗೊತ್ತಾಯಿತು. ಧಾರೆ ಸೀರೆ ಆರಿಸಬೇಕು. ಅವರ ಮಡದಿ ಶಿವರತ್ನಮ್ಮನದು ಒಂದೇ ಪಟ್ಟು: "ಸಿದ್ದಯ್ಯ ರಿಚ್ ಅಂತ ಏಳೋಗಂಟ ನನ್ ಮಗಳಿಗೆ ಉಡಿಸಾಕಿಲ್ಲ."

ಸಾಹುಕಾರರು ನಾಲ್ಕು ಸೀರೆ ಕಂಕುಳಲ್ಲಿಟ್ಟುಕೊಂಡು, ದಾರಿಯಲ್ಲಿ ಯಾರೂ ಮಾತಾಡಿಸದಿರಲೆಂದು ತಲೆ ತಗ್ಗಿಸಿ ಸಿದ್ದಯ್ಯನ ಮನೆಗೆ ನಡೆದರು. ಶಿವರತ್ನಮ್ಮ ನನ್ನನ್ನೂ ಸಾಕ್ಷಿಗೆ ಅಟ್ಟಿದ್ದರು. ಸಿದ್ದಯ್ಯ ಏನೂ ಕೇಳದೆ ಜಗುಲಿಯ ಮೇಲೆ ಚೊಂಬು ತಂದಿಟ್ಟ. ಒಂದು, ಎರಡು, ಮೂರು ಸೀರೆ ಉಜ್ಜಿದ. ಪಂಚೆ ಬೆಳ್ಳಗೇ ಇತ್ತು. ನಾಲ್ಕನೆಯದು ಎಲ್ಲಕ್ಕಿಂತ ಚೆಂದದ ಕುಂಕುಮ ಬಣ್ಣದ ಸೀರೆ, ಸಾಹುಕಾರರೇ ಮನಸ್ಸಿಟ್ಟು ಆರಿಸಿದ್ದು. ಚುಂಗು ಕೆಂಪಾಯಿತು.

ಪುಟ್ಟಮಲ್ಲಪ್ಪನವರು ಆ ಕೆಂಪನ್ನೇ ನೋಡುತ್ತಾ ಜಗುಲಿಯ ಮೇಲೆ ಕೂತರು. "ಧಾರೆ ನೀರು ಬಿದ್ದಿದ್ರೆ," ಎಂದರು. ಆ ಸೀರೆಯನ್ನು ಮುದುರಿ ಪಕ್ಕಕ್ಕಿಟ್ಟು, "ಬಾರ್ಲಾ ಸಿದ್ದಯ್ಯ. ಅಂಗಡೀಲಿರದ್ನೆಲ್ಲ ಉಜ್ಜಿ ನೋಡು," ಎಂದರು.

"ಪಂಚೆ ಒಂದು ಸಾಲ್ದು ಸಾವ್ಕಾರ್ರೆ."

"ಅರ್ಧ ಡಜನ್ ತಕೊ."

ಒಂದು ದಿನ ಪೂರ್ತಿ ಅಂಗಡಿ ಮುಚ್ಚಿ ಸಿದ್ದಯ್ಯ ಉಜ್ಜಿದ. ಮಾರಿಹೋಗಿದ್ದ ಎರಡು ಸೀರೆಯ ಮಾತು ಉಳಿಯಿತು. ಯಾರನ್ನಾದರೂ ಕಳಿಸಿದರೆ ಆಗುತ್ತಿತ್ತು, ಸಾಹುಕಾರರು ತಾವೇ ಹೊರಟರು. ಒಳ್ಳೆಯ ಸೀರೆಗಳ ಗಂಟು ಹೊತ್ತು ಸಿದ್ದಯ್ಯ, ಹೆಂಗಸರ ಮನೆಗೆ ಹೋಗುವುದಲ್ಲವೇ ಎಂದು ನಾನು. ಮೊದಲು ಹನೂರು, ಮಾರನೆಯ ದಿನ ಯಳಂದೂರು.

ಯಳಂದೂರಿನಾಕೆ ಸೀರೆಯ ಮಡಿಕೆಯನ್ನೇ ಬಿಚ್ಚಿರಲಿಲ್ಲ. ತಪ್ಪಾಗಿ ಬೇರೆ ಸೀರೆ ಕೊಟ್ಟೆವು ಅಂದಿದ್ದರೆ ಸಾಕಿತ್ತು. ಪುಟ್ಟಮಲ್ಲಪ್ಪನವರು ಬಾಗಿಲಲ್ಲೇ ನಿಂತು, "ಇದು ಬಣ್ಣ ಬಿಡ್ತದೆ ಕಣವ್ವ. ಗೊತ್ತಿದ್ದೂ ಮಾರ್ದೆ. ಇದನ್ನ ತಕೊ," ಎಂದು ಹೊಸ ಸೀರೆ ಚಾಚಿದರು. ಆ ಮನುಷ್ಯನ ಬಾಯಲ್ಲಿ ಅಂಥ ಮಾತು ಕೇಳುತ್ತೇನೆಂದು ನಾನು ಎಣಿಸಿರಲಿಲ್ಲ. ನನ್ನ ಕಣ್ಣು ಒದ್ದೆಯಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅವರಿಬ್ಬರೂ ನನ್ನ ಮುಂದಿನ ಸೀಟಿನಲ್ಲಿ ಕೂತಿದ್ದರು. ಕೊಳ್ಳೇಗಾಲ ಹತ್ತಿರವಾಯಿತು.

"ಸಾವ್ಕಾರ್ರೆ," ಎಂದ ಸಿದ್ದಯ್ಯ.

"ಏನ್ಲಾ?"

"ರಿಚ್."

ಪುಟ್ಟಮಲ್ಲಪ್ಪನವರು ಹೆಗಲ ವಲ್ಲಿಯಿಂದ ಮುಖ ಒರೆಸಿಕೊಂಡು ಕಿಟಕಿಯ ಕಡೆ ತಿರುಗಿದರು.