ನಿಪ್ಪಾಣಿಯ ಬೆಳವಲ ಬರ್ಫಿ

ನಾನು ಚಿಕ್ಕವನಿದ್ದಾಗ ನನಗೆ ನೆಗಡಿ, ಜ್ವರಕ್ಕಿಂತ ಹೆಚ್ಚಾಗಿ ಬರುತ್ತಿದ್ದದ್ದು ಹೊಟ್ಟೆಕಿಚ್ಚು. ಅದೂ ಅಕ್ಕನ ಮೇಲೆ. ಅವಳು ನನಗಿಂತ ಎರಡೇ ವರ್ಷ ದೊಡ್ಡವಳು. ಬೇಡಕಿಹಾಳದ ಹತ್ತಿರ ಕಬ್ಬಿನ ಹೊಲಗಳ ನಡುವೆ ನಮ್ಮ ಮನೆ. ಆ ವರ್ಷ ದೀಪಾವಳಿಗೆ ಮುಂಚೆ ಅಪ್ಪ ಅವಳೊಬ್ಬಳನ್ನೇ ನಿಪ್ಪಾಣಿ ಪೇಟೆಗೆ ಕರೆದುಕೊಂಡು ಹೋಗಿದ್ದ.

ತಿರುಗಿ ಬಂದ ಅಕ್ಕನ ಕೈಯಲ್ಲಿ ಏನೂ ಇರಲಿಲ್ಲ. ಬಾಯಿ ತುಂಬ ಮಾತಿತ್ತು. ಪೇಟೆಯಲ್ಲಿ ತಿಂದದ್ದನ್ನೆಲ್ಲ ಬೆರಳು ಮಡಚುತ್ತ ಹೇಳಿದಳು: ಮಿರ್ಚಿ ಬಜಿ, ಖಾರದ ಚುರುಮುರಿಯ ಭಡಂಗ, ಮಿಸಳ, ಪೇಢೆ, ಬಾಲೂಷಾ. ಬಾಲೂಷಾದ ಹೊರಗಿನ ಸಕ್ಕರೆ ಹಲ್ಲಿಗೆ ತಾಗಿ ಚರಕ್ಕೆಂದು ಒಡೆಯುವ ಸದ್ದನ್ನೂ ಬಾಯಲ್ಲೇ ಮಾಡಿ ತೋರಿಸಿದಳು. ಮರುದಿನ ಮತ್ತೆ ಮೊದಲಿನಿಂದ ಶುರು ಮಾಡಿದಳು. ನನಗೆ ಎಲ್ಲವನ್ನೂ ಲೆಕ್ಕ ಇಡುವ ಚಟ. ದನದ ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಿಂದ ಅಕ್ಕನ ಹೆಸರಿಗೆ ಐದು ಗೆರೆ ಎಳೆದೆ. ಪಕ್ಕದಲ್ಲಿ ನನ್ನ ಜಾಗ ಖಾಲಿ ಇತ್ತು. ಎಮ್ಮೆಗೆ ಹುಲ್ಲು ಹಾಕಲು ಹೋದಾಗಲೆಲ್ಲ ಆ ಖಾಲಿ ಜಾಗ ನನ್ನನ್ನು ಅಣಕಿಸುತ್ತಿತ್ತು.

ಕಾರ್ತೀಕದಲ್ಲಿ ನನ್ನ ಸರದಿ ಬಂತು. ಬಸ್ಸಿನಿಂದ ಇಳಿದ ಕೂಡಲೇ ನಿಪ್ಪಾಣಿಯ ಗಾಳಿ ಮೂಗಿಗೆ ಹೊಡೆಯಿತು. ಎಲ್ಲೆಲ್ಲೂ ತಂಬಾಕಿನ ಘಾಟು. ನಾನು ಸೀನುತ್ತ ಸೀನುತ್ತಲೇ ಪೇಟೆ ಹೊಕ್ಕೆ. ಬೆಲ್ಲದ ಅಂಗಡಿಗಳ ಸಾಲು ದಾಟಿದ ಮೇಲೆ ಘಾಟು ಹೋಗಿ, ಕಾದ ಎಣ್ಣೆಯ, ಸುಟ್ಟ ಮೆಣಸಿನಕಾಯಿಯ ವಾಸನೆ ಬಂತು. ಮೊದಲು ಬಜಿ ತಿಂದೆವು. ಕಣ್ಣಲ್ಲಿ ನೀರು ಬಂದರೂ ನಾನು ನಿಲ್ಲಿಸಲಿಲ್ಲ. ಆಮೇಲೆ ಮಿಸಳ. ಮೊಳಕೆಕಾಳಿನ ಮೇಲೆ ಕೆಂಪು ಎಣ್ಣೆ ತೇಲುವ ಸಾರು, ಅದರ ಮೇಲೆ ಒಂದು ಮುಷ್ಟಿ ಶೇವು. ಅಪ್ಪ ಅಂಗಡಿಯವನಿಗೆ, “ಉಳ್ಳಾಗಡ್ಡಿ ಹಾಕಬ್ಯಾಡ್ರಿ, ನಾವು ಜೈನ ಮಂದಿ,” ಎಂದು ಮೊದಲೇ ಹೇಳಿದ. ಭಡಂಗದ ಹುರಿದ ಬೆಳ್ಳುಳ್ಳಿಯನ್ನೂ ನಾವು ಒಂದೊಂದೇ ಆರಿಸಿ ಬದಿಗಿಟ್ಟೆವು. ಪೇಢೆ ಆಯಿತು, ಬಾಲೂಷಾ ಆಯಿತು. ಅಕ್ಕ ಹೇಳಿದ ಸದ್ದು ನಿಜವಾಗಿಯೂ ಬಂತು. ನನಗೆ ಅದಕ್ಕೂ ಸಿಟ್ಟೇ ಬಂತು.

ಐದಕ್ಕೆ ಐದು ಸಮವಾಗಿತ್ತು. ಸಮವಾದರೆ ಏನು ಸುಖ? ಅಕ್ಕ ಹೆಸರೂ ಕೇಳದಂಥ ಒಂದು ತಿನಿಸು ಬೇಕಾಗಿತ್ತು. ಒಂದು ಮಿಠಾಯಿ ಅಂಗಡಿಯಲ್ಲಿ ಮುದುಕರೊಬ್ಬರು ಕಂದು ಬಣ್ಣದ ಏನನ್ನೋ ತಟ್ಟೆಗೆ ಸುರಿದು ತಟ್ಟುತ್ತಿದ್ದರು. ಬೆಳವಲ, ಅಂದರೆ ಬೇಲದ ಹಣ್ಣಿನ ಬರ್ಫಿಯಂತೆ. ಹುಳಿ, ಸಿಹಿ ಬೆರೆತ ಗಾಢವಾದ ಪರಿಮಳ. “ಆರಬೇಕು, ಆಮ್ಯಾಲೆ ಕೊಯ್ದು ಕೊಡತೇನು,” ಎಂದರು. ನಾನು ಕಂಬ ಹಿಡಿದು ನಿಂತುಬಿಟ್ಟೆ. ಬರ್ಫಿ ಆರಿ, ಒಂದು ತುಂಡಿನ ಪೊಟ್ಟಣ ಕೈಗೆ ಬರುವಷ್ಟರಲ್ಲಿ ನಮ್ಮ ಬಸ್ಸು ಹೋಗಿತ್ತು.

“ಈಗರ ಇಲ್ಲೇ ತಿನ್ನಲೇ,” ಎಂದ ಅಪ್ಪ. “ಹೊತ್ತು ಮುಳುಗಿದ ಮ್ಯಾಲೆ ನಿಮ್ಮ ಆಯಿ ಬಾಯಾಗ ಹಾಕಗೊಡಾಂಗಿಲ್ಲ.”

ಆಯಿ ಎಂದರೆ ಅಪ್ಪನ ಅವ್ವ. ನಮ್ಮ ಮನೆಯಲ್ಲಿ ಸೂರ್ಯ ಮುಳುಗಿದರೆ ಒಲೆಗೂ ರಜೆ, ಬಾಯಿಗೂ ರಜೆ. ಆ ನೇಮ ಕಾಯುವವಳು ಆಯಿ. ಮಕ್ಕಳೆಂದು ಬಿಡುತ್ತಿರಲಿಲ್ಲ.

“ಅಕ್ಕನ ಮುಂದ ತಿಂತೇನಪ್ಪಾ. ಹೊತ್ತಿರೂದರಾಗ ಮನಿ ಮುಟ್ಟತೇವಿ,” ಎಂದೆ.

ಮುಂದಿನ ಬಸ್ಸು ಊರೂರಿಗೂ ನಿಂತಿತು. ಸೂರ್ಯ ಕಬ್ಬಿನ ಗರಿಗಳ ಮೇಲೆ ಕೂತಿದ್ದ. ಅಪ್ಪ ಮತ್ತೆ ಪೊಟ್ಟಣದ ಕಡೆ ಕಣ್ಣು ಮಾಡಿದ. ನನ್ನ ಬಾಯಲ್ಲಿ ನೀರೂರುತ್ತಿತ್ತು. ಆದರೆ ಅಕ್ಕ ನೋಡದೆ ತಿಂದರೆ ಅದು ತಿಂದ ಹಾಗೇ ಅಲ್ಲ ಎನಿಸಿತು. ಪೊಟ್ಟಣವನ್ನು ಎದೆಗೆ ಒತ್ತಿಕೊಂಡೆ. ನೋಡನೋಡುತ್ತ ಸೂರ್ಯ ಕಬ್ಬಿನೊಳಗೆ ಇಳಿದುಹೋದ.

ಬಾಗಿಲಲ್ಲೇ ಅಕ್ಕ ನಿಂತಿದ್ದಳು.

“ಎಷ್ಟಾತು?”

“ಐದು. ಆರನೇದು ಕೈಯಾಗ ಐತಿ.”

“ಕೈಯಾಗಿಂದು ಲೆಕ್ಕಕ್ಕ ಬರಾಂಗಿಲ್ಲ!” ಎಂದು ಅವಳು ನಕ್ಕಳು. ಆಯಿ ಒಳಗಿನಿಂದ ಬಂದು ಪೊಟ್ಟಣ ಕಸಿದು ನೆಲುವಿನ ಮೇಲೆ ಇಟ್ಟುಬಿಟ್ಟಳು. ನಾನು ಅಲ್ಲೇ ಕೂತು ಗೋಳೋ ಎಂದು ಅತ್ತೆ.

ಅವ್ವ ನನ್ನ ಮುಖ ಒರೆಸುತ್ತ ಹೇಳಿದಳು: “ಅಳಬ್ಯಾಡೋ. ಇಕಿನೂ ಮುಂಜಾನಿಂದ ಉಂಡಿಲ್ಲ. ತಮ್ಮ ಅಲ್ಲಿ ಏನೇನ ತಿನ್ನಾಕತ್ತಾನೋ ಅಂತ ಸಂಕಟಪಟ್ಟು, ಗಂಗಾಳದಾಗಿನ ರೊಟ್ಟಿ ಹಂಗ ಬಿಟ್ಟಾಳ.”

ನಾನು ತಲೆ ಎತ್ತಿ ನೋಡಿದೆ. ಅಕ್ಕ ನಗು ನಿಲ್ಲಿಸಿ ಗೋಡೆ ಕಡೆ ಮುಖ ತಿರುಗಿಸಿದಳು. ಹೊಟ್ಟೆಕಿಚ್ಚು ನನ್ನೊಬ್ಬನದೇ ಎಂದು ನಾನು ತಿಳಿದಿದ್ದೆ.

ಮರುದಿನ ಬೆಳಗಾಗುವ ಮೊದಲೇ ಇಬ್ಬರೂ ಅಂಗಳದಲ್ಲಿ ಹಾಜರು. ಬಿಸಿಲು ತುಳಸಿಕಟ್ಟೆಗೆ ಬರುವ ತನಕ ಆಯಿ ಪೊಟ್ಟಣ ಇಳಿಸಲಿಲ್ಲ. ಇಳಿಸಿದ ಕೂಡಲೇ ನಾನು ಕಾಗದ ಬಿಚ್ಚಿದೆ. ಅಕ್ಕ ಎದುರಿಗೆ ಕೈಕಟ್ಟಿ ಕುಳಿತಳು.

“ಹೂಂ, ತಿನ್ನು. ನಾ ನೋಡತೇನಿ. ಅದಕ್ಕ ಅಲ್ಲೇನ ತಂದದ್ದು?”

ಬರ್ಫಿಯನ್ನು ಬಾಯಿಯ ತನಕ ಒಯ್ದೆ. ಅವಳ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ನನಗೆ ಬಾಯಿ ತೆರೆಯಲು ಆಗಲಿಲ್ಲ. ಅರ್ಧ ಮುರಿದು ಕೊಟ್ಟೆ. ಮೊದಲು ಹುಳಿ, ಆಮೇಲೆ ಸಿಹಿ, ಕೊನೆಗೆ ನಾಲಿಗೆಯ ಬದಿಗೆ ಒಂದಿಷ್ಟು ಒಗರು. ಇಬ್ಬರೂ ಬೆರಳು ನೆಕ್ಕುತ್ತ ತಿಂದೆವು. ಆಮೇಲೆ ಅಕ್ಕ ಇದ್ದಿಲು ತಂದು ಕೊಟ್ಟಿಗೆಯ ಗೋಡೆಯಲ್ಲಿ ನನ್ನ ಹೆಸರಿಗೆ ಆರು ಗೆರೆ ಎಳೆದಳು. ತನ್ನ ಹೆಸರಿಗೂ ಒಂದು ಸೇರಿಸಿಕೊಂಡಳು. ಅವಳಿಗೆ ಕೊಟ್ಟ ಅರ್ಧ ಸ್ವಲ್ಪ ದೊಡ್ಡದಿತ್ತು ಎಂದು ನನಗೆ ಈಗಲೂ ಅನುಮಾನ.

ಮೊನ್ನೆ ನೀವು ಮೊಮ್ಮಕ್ಕಳೆಲ್ಲ ಕಾರಿನಲ್ಲಿ ನಿಪ್ಪಾಣಿಗೆ ಹೋಗಿ, ಒಂದೇ ಮಧ್ಯಾಹ್ನ ಅಷ್ಟೂ ಅಂಗಡಿ ಸುತ್ತಿ ಬಂದಿರಿ. ಬಸ್ಸು ತಪ್ಪುವ ಭಯವಿಲ್ಲ, ಸೂರ್ಯನ ಕಡೆ ನೋಡುವ ಗೋಜಿಲ್ಲ. ತಿನ್ನುವ ಮೊದಲೇ ಫೋಟೊ ತೆಗೆದು ಊರಿಗೆಲ್ಲ ಕಳಿಸಿದಿರಿ. ನೋಡುವವರ ಹೊಟ್ಟೆ ಉರಿಸಲು ನಾನು ಒಂದು ರಾತ್ರಿ ಉಪವಾಸ ಬಿದ್ದೆ. ನಿಮಗೆ ಅದು ಒಂದು ಬೆರಳಿನ ಕೆಲಸ. ಹೇಳಿಬಿಡುತ್ತೇನೆ, ನಿಮ್ಮ ಮೇಲೂ ನನಗೆ ಹೊಟ್ಟೆಕಿಚ್ಚೇ.

ನೀವು ನನಗೆಂದು ಬೆಳವಲ ಬರ್ಫಿ ತಂದಿರಿ. ಮನೆ ಮುಟ್ಟುವ ಹೊತ್ತಿಗೆ ದೀಪ ಹಚ್ಚಿಯಾಗಿತ್ತು, ಹಾಗಾಗಿ ನಾನು ಮುಟ್ಟಲಿಲ್ಲ. ಅದರ ಫೋಟೊವನ್ನು ಉಗಾರದಲ್ಲಿರುವ ಅಕ್ಕನಿಗೂ ನೀವೇ ಕಳಿಸಿದ್ದಿರಿ. ಐದು ನಿಮಿಷದಲ್ಲಿ ಅವಳ ಫೋನು ಬಂತು.

“ತಿಂದಿ ಏನಲೇ?”

“ಇಲ್ಲಬೇ, ಹೊತ್ತು ಮುಳುಗೈತಿ.”

“ಹಂಗ ಇಡು. ಮುಂಜಾನಿ ಮೊದಲನೇ ಬಸ್ಸಿಗೆ ಬರತೇನಿ. ಈ ಸಲ ನಾ ಮುರೀತೇನಿ.”