ತಮ್ಮನಿಗೊಂದು ಹಗುರ ಫ್ರೇಮು

ಆ ಓಣಿಯಲ್ಲಿ ದೊಡ್ಡೋನು ಎಂದರೆ ಸೈಕಲ್ ಅಂಗಡಿಯ ಒಳಕೋಣೆಯಲ್ಲಿ ಬಲಗಾಲನ್ನು ಮುಂದಕ್ಕೆ ಚಾಚಿ ಕೂತು ಫ್ರೇಮಿಗೆ ಚಕ್ರ, ಚೈನು, ಹ್ಯಾಂಡಲ್ಲು ಜೋಡಿಸುವವನು. ಚಿಕ್ಕೋನು ಎಂದರೆ ಅವನ ತಮ್ಮ, ಹಳೆಯ ಇಟ್ಟಿಗೆ ಗೂಡಿನ ಹಿಂದಿನ ಮಣ್ಣುದಿಬ್ಬಗಳ ಮೇಲಿಂದ ಬಿಎಂಎಕ್ಸ್ ಸೈಕಲ್ಲಿನಲ್ಲಿ ಹಾರುವವನು. ಹೆಸರು ಹಾಗೆ ರೂಢಿಯಾದದ್ದು ತಾಯಿಯ ಬಾಯಿಂದ. ದೊಡ್ಡೋನೇ ಎನ್ನುವಾಗ ಅವಳ ದನಿ ಕೆಲಸ ಹೇಳುವವರ ದನಿಯಾಗಿರುತ್ತಿತ್ತು. ಚಿಕ್ಕೋನೇ ಎನ್ನುವಾಗ ನಾಲಿಗೆಯ ಮೇಲೆ ಸಕ್ಕರೆ ಕರಗುತ್ತಿದ್ದಂತೆ ಕೇಳುತ್ತಿತ್ತು.

ಹಾರುವ ಹುಚ್ಚು ಮೊದಲು ಹಿಡಿದದ್ದು ದೊಡ್ಡವನಿಗೇ. ಇಟ್ಟಿಗೆ ಗೂಡಿನ ಹಿಂದೆ ಗುದ್ದಲಿ ಹಿಡಿದು ಮೊದಲ ದಿಬ್ಬ ಕಟ್ಟಿದವನು, ನೀರು ಚಿಮುಕಿಸಿ ತಟ್ಟಿ ತಟ್ಟಿ ಅದನ್ನು ಗಟ್ಟಿ ಮಾಡಿದವನು ಅವನು. ಒಂದು ದಿನ ಅವನು ವೇಗವಾಗಿ ಬಂದು ದಿಬ್ಬದ ತುದಿಯಿಂದ ಮೇಲೇಳುವ ಹೊತ್ತಿಗೆ ಸರಿಯಾಗಿ ಚಿಕ್ಕವನು ಹಿಂದಿನಿಂದ, "ಅಣ್ಣಾ, ಅಮ್ಮ ಬಂದ್ಲು!" ಎಂದು ಕಿರುಚಿದ. ಅಮ್ಮ ಬಂದಿರಲಿಲ್ಲ. ದೊಡ್ಡವನು ಗಾಳಿಯಲ್ಲಿದ್ದಾಗಲೇ ಕತ್ತು ತಿರುಗಿಸಿದ. ಸೈಕಲ್ಲು ಒಂದು ಕಡೆ ಬಿತ್ತು, ಅವನು ಮಂಡಿಯೂರಿ ಇನ್ನೊಂದು ಕಡೆ ಬಿದ್ದ. ಚಿಕ್ಕವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಮಂಡಿಯ ಚಿಪ್ಪು ಒಡೆದಿರುವುದು ಕಂಡಾಗಲೂ ಅವನಿಗೆ ನಗು ನಿಲ್ಲಲಿಲ್ಲ. ತಾಯಿ ಓಡಿ ಬಂದವಳು ಎಲ್ಲ ಕೇಳಿಸಿಕೊಂಡು, "ಅವನೇನೋ ತಮಾಷೆಗೆ ಕೂಗ್ದ. ನೀನ್ಯಾಕೆ ತಿರುಗಿ ನೋಡೋಕೆ ಹೋದೆ?" ಎಂದಳು.

ಅಂದಿನಿಂದ ಆ ಕಾಲು ಮಡಚಲಿಲ್ಲ. ದಿಬ್ಬ ಚಿಕ್ಕವನ ಪಾಲಾಯಿತು.

ಚಿಕ್ಕವನು ಚೆನ್ನಾಗಿಯೇ ಹಾರುತ್ತಿದ್ದ, ಅದರಲ್ಲಿ ಎರಡು ಮಾತಿಲ್ಲ. ಎರಡು ದಿಬ್ಬಗಳ ನಡುವಿನ ಹಳ್ಳದ ಮೇಲೆ ಸೈಕಲ್ಲನ್ನು ಅಡ್ಡಕ್ಕೆ ಮಲಗಿಸಿ ಮತ್ತೆ ನೆಟ್ಟಗೆ ಮಾಡಿಕೊಂಡು ಇಳಿಯುತ್ತಿದ್ದ. ಭಾನುವಾರ ಜನ ಸೇರುತ್ತಿದ್ದರು. ಇಳಿದ ಮೇಲೆ ಜನರಿಗೆ ಇನ್ನೊಂದು ಆಟವೂ ಕಾಣಸಿಗುತ್ತಿತ್ತು. ಅಣ್ಣ ಅಲ್ಲಿದ್ದರೆ ಚಿಕ್ಕವನು ತನ್ನ ಬಲಗಾಲನ್ನು ಕೋಲಿನಂತೆ ಬಿಗಿ ಮಾಡಿ ಅರ್ಧ ಸುತ್ತು ಎಳೆದುಕೊಂಡು ಅವನ ಹಾಗೆಯೇ ನಡೆದು ತೋರಿಸುತ್ತಿದ್ದ. ಜನ ನಗುತ್ತಿದ್ದರು. ದೊಡ್ಡವನೂ ಹಲ್ಲು ಬಿಡುತ್ತಿದ್ದ. ನಗದಿದ್ದರೆ ಸಣ್ಣಬುದ್ಧಿಯವನು ಅನ್ನುತ್ತಾರೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅವನಿಗೆ ಗೊತ್ತಿದ್ದ ಇನ್ನೊಂದು ವಿಷಯವೂ ಇತ್ತು. ಅಣ್ಣ ಹೌದು ಎಂದದ್ದಕ್ಕೆ ತಮ್ಮ ಇಲ್ಲ ಎನ್ನುತ್ತಿದ್ದ. ಚಿಕ್ಕಂದಿನಲ್ಲಿ ದೊಡ್ಡ ಬನ್ನು ಬೇಕಿದ್ದಾಗ ದೊಡ್ಡವನು ಸಣ್ಣದನ್ನು ಹೊಗಳಿದರೆ ಸಾಕಿತ್ತು, ತಮ್ಮ ಅದನ್ನೇ ಕಿತ್ತುಕೊಂಡು ಓಡುತ್ತಿದ್ದ. ಇಷ್ಟು ವರ್ಷಗಳಾದರೂ ಅದು ಬದಲಾಗಿರಲಿಲ್ಲ. ದೊಡ್ಡವನು ಛತ್ರಿ ತಗೊಂಡು ಹೋಗು ಎಂದರೆ ಚಿಕ್ಕವನು ನೆನೆದುಕೊಂಡು ಬರುವ ಆಸಾಮಿ.

ಆ ವರ್ಷದ ಸೈಕಲ್ ಹಾರಾಟದ ಸ್ಪರ್ಧೆಗಳು ಶುರುವಾಗುವ ಮೊದಲು ಚಿಕ್ಕವನು ಹೊಸ ಫ್ರೇಮು ಬೇಕೆಂದು ಅಂಗಡಿಗೆ ಬಂದ. ಜೊತೆಯಲ್ಲಿ ಅವನ ಗುಂಪಿನವರೆಲ್ಲ ಇದ್ದರು. ಅವರಲ್ಲಿ ಒಬ್ಬಳು, ಎಲ್ಲರೂ ಮಿಡತೆ ಎಂದು ಕರೆಯುತ್ತಿದ್ದ ಹೆಂಗಸು, ಹಗಲು ಬಟ್ಟೆ ಮಿಲ್ಲಿನಲ್ಲಿ ದುಡಿದು ಸಂಜೆ ದಿಬ್ಬಕ್ಕೆ ಬರುತ್ತಿದ್ದವಳು. ಅವಳಿಗೂ ಒಂದು ಫ್ರೇಮು ಬೇಕಿತ್ತು.

ದೊಡ್ಡವನು ಗೋಡೆಯಿಂದ ಎರಡು ಫ್ರೇಮು ಇಳಿಸಿ ಹಲಗೆಯ ಮೇಲಿಟ್ಟ. ಒಂದು ಕಪ್ಪಗಿನದು, ಕ್ರೋಮೊಲಿ ಎಂಬ ಗಟ್ಟಿ ಉಕ್ಕಿನದು. ಇನ್ನೊಂದು ಬೆಳ್ಳಿಬಣ್ಣದ ಅಲ್ಯುಮಿನಿಯಂನದು, ಮಣ್ಣಿನ ಟ್ರ್ಯಾಕಿನಲ್ಲಿ ಪಂದ್ಯ ಓಡಿಸುವವರಿಗಾಗಿ ಮಾಡಿದ್ದು. ಚಿಕ್ಕವನು ಬೆಳ್ಳಿಯದನ್ನು ಕಿರುಬೆರಳಿಗೆ ತೂಗುಹಾಕಿ ಎತ್ತಿದ. "ಅಬ್ಬಾ, ಹೂವಿದ್ದಂಗಿದೆ!"

"ಹೂವೇ ಅದು," ಎಂದ ದೊಡ್ಡವನು. "ಪೆಡಲ್ ತುಳ್ಕೊಂಡು ಓಡೋಕೆ ಚೆನ್ನ. ಮೇಲಿಂದ ಧೊಪ್ ಅಂತ ಇಳಿಯೋಕಲ್ಲ. ಈ ಕರೀದು ನೋಡಿ. ಪೈಪು ತುದೀಲಿ ದಪ್ಪ, ನಡುವೆ ತೆಳು. ಬಲ ಬೇಕಾದ ಕಡೆ ಲೋಹ ಇದೆ, ಬೇಡದ ಕಡೆ ತೆಗ್ದಿದ್ದಾರೆ. ಅದಕ್ಕೇ ಉಕ್ಕಾದ್ರೂ ಅಷ್ಟೇನು ಭಾರ ಇಲ್ಲ. ಹ್ಯಾಂಡಲ್ ಕೂರೋ ಕೊಳವೆ ಕೆಳಗೆ ಈ ಪಟ್ಟಿ ಕಂಡ್ರಾ? ಏಟೆಲ್ಲ ಬೀಳೋದು ಇಲ್ಲೇ. ಉಕ್ಕು ಕೈ ಕೊಡೋ ಮುಂಚೆ ಸಾಮಾನ್ಯವಾಗಿ ಬಾಗುತ್ತೆ. ಅಲ್ಯುಮಿನಿಯಂ ಹಾಗಲ್ಲ, ಒಳಗೊಳಗೇ ದಣಿದು ಒಂದಿನ ಟಪ್ ಅನ್ನುತ್ತೆ."

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮಿಡತೆ ಕಪ್ಪು ಫ್ರೇಮನ್ನು ಎರಡೂ ಕೈಯಲ್ಲಿ ಎತ್ತಿ ನೋಡಿ, ಬೆಸುಗೆಯ ಮೇಲೆ ಬೆರಳಾಡಿಸಿ, "ನಂಗಿದೇ ಇರ್ಲಿ," ಎಂದಳು.

ದೊಡ್ಡವನು ಅಲ್ಲಿಗೆ ನಿಲ್ಲಿಸಬಹುದಿತ್ತು. ತಮ್ಮನ ಕೈ ಬೆಳ್ಳಿ ಫ್ರೇಮಿನ ಮೇಲೇ ಸುಮ್ಮನೆ ಆಡುತ್ತಿತ್ತು, ಇನ್ನೂ ಏನೂ ತೀರ್ಮಾನವಾಗಿರಲಿಲ್ಲ. ದೊಡ್ಡವನು ಕೈ ಒರೆಸಿಕೊಂಡು, ಎಲ್ಲರಿಗೂ ಕೇಳುವ ಹಾಗೆ, "ನೀನೂ ಕರೀದೇ ತಗೋ ಮಗಾ. ಆ ಬಿಳೀದು ನಿನ್ ಕೈಲಿ ಆಗೋ ಮಾತಲ್ಲ. ಅಣ್ಣನ ಮಾತು ಒಂದ್ಸಲನಾದ್ರೂ ಕೇಳು," ಎಂದ.

ಚಿಕ್ಕವನ ಹುಬ್ಬು ಮೇಲೇರಿತು. "ಕೇಳಿಸ್ಕೊಂಡ್ರೇನ್ರಪ್ಪಾ? ಹಾರೋದು ಹೇಗೆ ಅಂತ ಕುಂಟಣ್ಣ ಪಾಠ ಹೇಳ್ತಾ ಇದಾನೆ!" ಎಂದು ಬೆಳ್ಳಿ ಫ್ರೇಮನ್ನು ಹೆಗಲಿಗೇರಿಸಿ, ಕಾಲೆಳೆದುಕೊಂಡು ಅಂಗಡಿಯ ಉದ್ದಕ್ಕೂ ನಡೆದು ತೋರಿಸಿದ. ಎಲ್ಲರೂ ನಕ್ಕರು. ತಮ್ಮ ಇನ್ನು ಆ ಫ್ರೇಮು ಬಿಡುವುದಿಲ್ಲವೆಂದು ದೊಡ್ಡವನಿಗೆ ಖಾತ್ರಿಯಾಯಿತು. ಅದರಿಂದ ತನಗೆ ಹೆದರಿಕೆ ಆಗಿಲ್ಲವೆಂದೂ ಆ ಕ್ಷಣಕ್ಕೇ ಗೊತ್ತಾಯಿತು. ಸಂಜೆಯೊಳಗೆ ತಾನೇ ಕೂತು ಅದಕ್ಕೆ ಚಕ್ರ ಜೋಡಿಸಿ, ನಟ್ಟು ಬೋಲ್ಟು ಬಿಗಿದು, ಎಣ್ಣೆ ಬಿಟ್ಟು ಕೊಟ್ಟ. ಜೋಡಣೆಯಲ್ಲಿ ಎಳ್ಳಷ್ಟೂ ತಪ್ಪು ಮಾಡಲಿಲ್ಲ. ತಪ್ಪು ತನ್ನ ಕೈಯದಾಗಬಾರದಿತ್ತು.

ಆಮೇಲೆ ಅವನು ಪ್ರತಿ ಭಾನುವಾರ ದಿಬ್ಬದ ಹತ್ತಿರ ಹೋಗಿ ಕೂರತೊಡಗಿದ. ತಮ್ಮನ ಆಟ ನೋಡೋಕೆ ಬರ್ತಾನೆ ಪಾಪ ಎಂದರು ಜನ. ಅವನ ಕಣ್ಣು ತಮ್ಮನ ಮೇಲಿರುತ್ತಿರಲಿಲ್ಲ. ಸೈಕಲ್ಲು ನೆಲ ಮುಟ್ಟುವ ಗಳಿಗೆಯಲ್ಲಿ ಮುಂದಿನ ಚಕ್ರದ ಮೇಲೆ, ಹ್ಯಾಂಡಲ್ ಕೊಳವೆಯ ಆ ಒಂದು ಬೆಸುಗೆಯ ಮೇಲೇ ಇರುತ್ತಿತ್ತು. ಏನೂ ಆಗುತ್ತಿರಲಿಲ್ಲ. ಹಗುರ ಸೈಕಲ್ಲಿನಲ್ಲಿ ಚಿಕ್ಕವನು ಹಿಂದೆಂದಿಗಿಂತ ಎತ್ತರಕ್ಕೆ ಹಾರುತ್ತಿದ್ದ. ಗೆದ್ದು ತಂದ ಬಹುಮಾನದ ಬಟ್ಟಲುಗಳನ್ನು ತಾಯಿ ಕಿಟಕಿಯಲ್ಲಿ ಬೀದಿಗೆ ಕಾಣುವಂತೆ ಜೋಡಿಸಿದಳು. ಊಟಕ್ಕೆ ಕೂತಾಗ, "ಇವನ ಮಾತು ಕೇಳಿದ್ರೆ ಆ ಕಬ್ಬಿಣ ಹೊತ್ಕೊಂಡು ನೆಲದ ಮೇಲೇ ತೆವಳ್ತಿದ್ದೆ, ಅಲ್ವೇನೋ ಚಿಕ್ಕೋನೇ?" ಎಂದು ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸುವಳು. ದೊಡ್ಡವನು ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದ. ಅವನ ಸಿಟ್ಟು ಈಗ ಫ್ರೇಮು ಮಾಡಿದವರ ಮೇಲೆ ತಿರುಗಿತ್ತು. ಇಷ್ಟು ಚೆನ್ನಾಗಿ ಯಾಕೆ ಮಾಡಿದರೋ ಎಂದುಕೊಳ್ಳುವನು.

ಮಳೆ ನಿಂತ ಮೇಲಿನ ದೊಡ್ಡ ಸ್ಪರ್ಧೆಯ ದಿನ ಬೆಳಗ್ಗೆ ಚಿಕ್ಕವನು ಸೈಕಲ್ಲನ್ನು ತಂದು ಅಂಗಡಿಯಲ್ಲಿ ಬಿಟ್ಟ. "ಕೆಸರು ತೊಳೆದು ಇಡು, ಈಗ ಬಂದೆ," ಎಂದು ಮಿಡತೆಯ ಜೊತೆ ಎದುರಿನ ಹೋಟೆಲಿಗೆ ಕಾಫಿಗೆ ಹೋದ. ದೊಡ್ಡವನು ಒದ್ದೆ ಬಟ್ಟೆಯಿಂದ ಒರೆಸುತ್ತ ಬಂದ. ಕೆಳಗಿನ ಪೈಪು ಹ್ಯಾಂಡಲ್ಲಿನ ಕೊಳವೆಗೆ ಸೇರುವ ಕಡೆ, ಅಡಿಯಲ್ಲಿ, ಬಣ್ಣದ ಮೇಲೆ ಒಂದು ಕೂದಲು ಅಂಟಿಕೊಂಡಿತ್ತು. ಒರೆಸಿದ. ಹೋಗಲಿಲ್ಲ. ಉಗುರು ಹಾಕಿ ಎಳೆದ. ಉಗುರು ಸಿಕ್ಕಿಕೊಂಡಿತು.

ಗೋಡೆಯ ಮೇಲೆ, ಕೈಗೆಟುಕುವಷ್ಟೇ ದೂರದಲ್ಲಿ ಗರಗಸ ಇತ್ತು. ಪೈಪಿನ ಮೇಲೆ ಎರಡು ಸಲ ಆಡಿಸಿದ್ದರೆ ತಮ್ಮ ಆ ಸೈಕಲ್ಲು ಹತ್ತುವ ಮಾತೇ ಇರುತ್ತಿರಲಿಲ್ಲ. ತಮ್ಮ ಬಾಯಿಗೆ ಬಂದಂತೆ ಬಯ್ಯುತ್ತಿದ್ದ, ತಾಯಿ ತಿಂಗಳುಗಟ್ಟಲೆ ಮುಖ ಸಿಂಡರಿಸುತ್ತಿದ್ದಳು, ಅಷ್ಟೇ. ದೊಡ್ಡವನು ಗರಗಸ ನೋಡಿದ. ಕೈ ಚಾಚಲಿಲ್ಲ. ಒಂದು ಕಡೆ ಮೈಯೆಲ್ಲ ಬೆವರು, ಇನ್ನೊಂದು ಕಡೆ ಬಹಳ ದಿನ ಕಾದ ಬಸ್ಸು ತಿರುವಿನಲ್ಲಿ ಕಂಡಾಗಿನ ಹಗುರ. ಹೇಳುತ್ತೇನೆ, ಹೇಳಿಯೇ ಹೇಳುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡ. ಹೇಳಿದ ಮೇಲೆ ನನ್ನ ಕೈಯಲ್ಲೇನಿದೆ?

ಚಿಕ್ಕವನೂ ಮಿಡತೆಯೂ ಬಾಗಿಲಿಗೆ ಬಂದರು. ದೊಡ್ಡವನು ಎದ್ದು ನಿಂತು ಸೈಕಲ್ಲಿನ ಮೇಲೆ ಕೈಯಿಟ್ಟುಕೊಂಡ.

"ಬಿರುಕು ಬಿಟ್ಟಿದೆ. ಇವತ್ತು ಹತ್ಬೇಡ."

"ಏನಂದೆ?"

"ಫ್ರೇಮು ಸೀಳಿದೆ ಅಂದೆ. ನಿನ್ ಕೈಲಿ ಆಗಲ್ಲ ಅಂತ ಅವತ್ತೇ ಬಡ್ಕೊಂಡೆ. ನನ್ ಮಾತು ಕೇಳು, ಮನೇಗೆ ಹೋಗಿ ಅಮ್ಮನ ಸೆರಗು ಹಿಡ್ಕೊಂಡು ಕೂತ್ಕೋ."

ಚಿಕ್ಕವನ ಮುಖ ಕೆಂಪೇರಿತು. "ಇಷ್ಟು ದಿನ ಬಾಯಿ ಮುಚ್ಕೊಂಡಿದ್ದು ದೊಡ್ಡ ಸ್ಪರ್ಧೆ ದಿನಾನೇ ಬಿರುಕು ಕಾಣ್ತಾ ನಿಂಗೆ? ಹೊಟ್ಟೆಕಿಚ್ಚಿಗೂ ಒಂದು ಮಿತಿ ಇರ್ಬೇಕು ಕಣೋ. ಕಾಲು ಹೋಯ್ತು, ಸರಿ. ಬುದ್ಧೀನಾದ್ರೂ ನೆಟ್ಟಗಿಟ್ಕೋ!"

ಎಲ್ಲಿ ತೋರಿಸು ಎಂದು ಅವನು ಕೇಳಲಿಲ್ಲ. ದೊಡ್ಡವನು ತೋರಿಸಲೂ ಇಲ್ಲ. ಅವನ ಅಂಗೈ ಆ ಕೂದಲೆಳೆಯನ್ನು ಪೂರ್ತಿ ಮುಚ್ಚಿಕೊಂಡಿತ್ತು. ತಮ್ಮ ಸೈಕಲ್ಲನ್ನು ಕಸಿದುಕೊಂಡಾಗ ಆ ಕೈ ಮೆಲ್ಲಗೆ ಜಾರಿತು. ಮಿಡತೆ ಬಾಗಿಲಲ್ಲೇ ಒಂದು ಕ್ಷಣ ನಿಂತು ದೊಡ್ಡವನನ್ನು ನೋಡಿದಳು. ಅಣ್ಣ ತಮ್ಮಂದಿರ ದಿನನಿತ್ಯದ ಜಗಳ ಇದು ಎಂದುಕೊಂಡವಳಂತೆ ಅವಳೂ ಹೊರಟುಹೋದಳು.

ಅದು ಮೂರನೆಯ ಹಾರಾಟದಲ್ಲಾಯಿತು. ದೊಡ್ಡವನು ಬೇಲಿಯ ಪಕ್ಕ ನಿಂತಿದ್ದ. ಚಿಕ್ಕವನು ಅಷ್ಟು ಚೆಂದ ಎಂದೂ ಹಾರಿರಲಿಲ್ಲ. ಸೈಕಲ್ಲು ನೇರವಾಗಿ, ಸರಿಯಾದ ಜಾಗದಲ್ಲೇ ಇಳಿಯಿತು. ಒಣ ಕಟ್ಟಿಗೆ ಮುರಿದ ಶಬ್ದ. ಮುಂದಿನ ಚಕ್ರವೂ ಹ್ಯಾಂಡಲ್ಲೂ ಒಂದಾಗಿ ಕಳಚಿಕೊಂಡು ಉರುಳಿಹೋದವು. ಚಿಕ್ಕವನು ಹಿಡಿಯಲು ಏನೂ ಇಲ್ಲದೆ, ಕೈ ಮುಂದಕ್ಕೆ ತರುವುದಕ್ಕೂ ಸಮಯವಿಲ್ಲದೆ, ಮುಖ ಕೆಳಗಾಗಿ, ತಟ್ಟಿ ಗಟ್ಟಿ ಮಾಡಿದ ಮಣ್ಣಿಗೆ ಬಿದ್ದ. ಮೊದಲು ಓಡಿದವನು ದೊಡ್ಡವನೇ. ಮಡಚದ ಕಾಲನ್ನು ಎಳೆದುಕೊಂಡು ಅವನು ಓಡಿದ ರೀತಿ ನೋಡಿ ಹೆಂಗಸರು ಕಣ್ಣೊರೆಸಿಕೊಂಡರು.

ಚಿಕ್ಕವನು ಸಾಯಲಿಲ್ಲ. ದವಡೆ ಪುಡಿಯಾಗಿತ್ತು, ನಾಲಿಗೆ ತನ್ನದೇ ಹಲ್ಲಿಗೆ ಸಿಕ್ಕಿ ಹರಿದಿತ್ತು. ತಲೆಗೆ ಬಿದ್ದ ಪೆಟ್ಟಿಗೆ ಮೈಯ ಎಡಭಾಗ ಸ್ವಾಧೀನ ತಪ್ಪಿತು. ಆಸ್ಪತ್ರೆಯಿಂದ ಮನೆಗೆ ಬಂದವನನ್ನು ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿಸಿದರು. ಮಾತಾಡಲು ಹೋದರೆ ಗಂಟಲಿಂದ ಕಲಸಿದ ಹಿಟ್ಟಿನಂಥ ದನಿ ಬರುತ್ತಿತ್ತು.

ಊರೆಲ್ಲ ಒಂದೇ ಮಾತು. "ಅಣ್ಣ ಬೇಡ ಅಂದ. ಫ್ರೇಮು ತಗೊಳ್ಳುವಾಗ್ಲೂ ಹೇಳ್ದ, ಆವತ್ತು ಬೆಳಗ್ಗೆನೂ ಹೇಳ್ದ. ಕೇಳಿದ್ರೆ ತಾನೆ?" ಸೈಕಲ್ ಕೊಳ್ಳಲು ಬಂದವರು ಈಗ ಅಂಗಡಿಯ ಮಾಲೀಕನನ್ನು ಬಿಟ್ಟು ಒಳಕೋಣೆಗೇ ಬರುತ್ತಿದ್ದರು. ಯಾವುದು ಹಗುರ, ಯಾವುದು ಬಾಳಿಕೆ ಬರುತ್ತೆ, ನೀವೇ ಹೇಳಿಬಿಡಿ ಎನ್ನುತ್ತಿದ್ದರು. ಅವನು ಹೇಳಿದ್ದನ್ನು ಮರುಮಾತಿಲ್ಲದೆ ಕೊಳ್ಳುತ್ತಿದ್ದರು. ಮನೆಯಲ್ಲಿ ತಾಯಿ ಮೊದಲು ಅವನ ತಟ್ಟೆಗೆ ಬಡಿಸತೊಡಗಿದಳು. "ದೊಡ್ಡೋನೇ, ಸಾಕಾ? ಇನ್ನೊಂಚೂರು ಹಾಕ್ಲಾ?" ಆ ದನಿಗಾಗಿ ಅವನು ಹುಟ್ಟಿದಾಗಿನಿಂದ ಬಾಯಿ ಬಿಟ್ಟುಕೊಂಡು ಕಾದಿದ್ದ. ಇಷ್ಟು ಸುಲಭಕ್ಕೆ ಸಿಕ್ಕಿತಲ್ಲ ಎಂದು ಅವನಿಗೇ ಬೆರಗಾಯಿತು. ಪಶ್ಚಾತ್ತಾಪ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ನೋಡಿದ. ಬರಲಿಲ್ಲ. ಹೊಟ್ಟೆ ತುಂಬ ಉಂಡು ನಿದ್ದೆ ಮಾಡಿದ.

ಮಿಡತೆ ಒಂದು ದಿನ ಚೈನು ಸಡಿಲವಾಗಿದೆಯೆಂದು ಬಂದಳು. ಅವನು ಬಿಗಿ ಮಾಡುವವರೆಗೂ ಅವನ ಕೈಯನ್ನೇ ನೋಡುತ್ತ ನಿಂತಿದ್ದಳು.

"ಆವತ್ತು ನಿಮ್ ಕೈ ಎಲ್ಲಿತ್ತು ಅಂತ ನೋಡ್ದೆ."

ದೊಡ್ಡವನು ತಲೆಯೆತ್ತಲಿಲ್ಲ. "ನಾನು ಹೇಳಿದ್ದು ಕೇಳಿಸ್ತಲ್ಲ?"

"ಕೇಳಿಸ್ತು."

"ಕೇಳಿಸ್ಕೊಂಡು ನೀನೂ ಅವನ ಜೊತೇನೇ ಹೋದೆ. ಅಲ್ವಾ?"

ಅವಳ ಮುಖ ಸುಣ್ಣವಾಯಿತು. ಸೈಕಲ್ಲು ತೆಗೆದುಕೊಂಡು ಹೋದವಳು ಮತ್ತೆ ಆ ಅಂಗಡಿಯ ಕಡೆ ಸುಳಿಯಲಿಲ್ಲ. ಹಾರುವುದನ್ನೂ ಬಿಟ್ಟಳೆಂದು ಯಾರೋ ಹೇಳಿದರು. ಅವಳ ಬಾಯಿಗೆ ಬೀಗ ಬಿದ್ದದ್ದು ಮಾತ್ರ ದೊಡ್ಡವನಿಗೆ ಬೇಕಾಗಿತ್ತು.

ತಮ್ಮನಿಗೆ ಉಣಿಸುವ ಕೆಲಸವನ್ನು ಅವನೇ ವಹಿಸಿಕೊಂಡಿದ್ದ. ಬೆಳಗ್ಗೆ ಅಂಗಡಿಗೆ ಹೋಗುವ ಮೊದಲು ಮಂಚದ ಅಂಚಿನಲ್ಲಿ ಕೂತು, ಹಾಲಿನಲ್ಲಿ ನೆನೆಸಿದ ಬ್ರೆಡ್ಡನ್ನು ಚಮಚದಿಂದ ತುಟಿಗೆ ಹಿಡಿಯುತ್ತಿದ್ದ. ಒಂದು ಬೆಳಗ್ಗೆ ಚಿಕ್ಕವನು ಬಾಯಿ ತೆರೆಯಲಿಲ್ಲ. ಅಣ್ಣನ ಕೈಯನ್ನೇ ದಿಟ್ಟಿಸಿದ. ಆಮೇಲೆ ಅವನ ಕಣ್ಣಿಗೆ ಕಣ್ಣಿಟ್ಟು, ಕತ್ತಿನ ನರ ಉಬ್ಬುವಂತೆ ಕಷ್ಟಪಟ್ಟು ದನಿ ಹೊರಡಿಸಿದ. ಇನ್ನೊಬ್ಬರಿಗೆ ಅದು ಬರಿಯ ಗೊರಗೊರ ಸದ್ದು. ದೊಡ್ಡವನಿಗೆ ಪ್ರತಿಯೊಂದು ಅಕ್ಷರವೂ ಕೇಳಿತು.

ಬಿರುಕಿದ್ದ ಜಾಗ ಯಾಕೋ ಮುಚ್ಕೊಂಡೆ?

ತಾಯಿ ಅಡುಗೆಮನೆಯಿಂದ ಓಡಿ ಬಂದಳು. "ಮಾತಾಡ್ದ! ನನ್ ಕಂದ ಮಾತಾಡ್ದ! ದೊಡ್ಡೋನೇ, ಏನಂತೋ? ಏನ್ ಬೇಕಂತೆ?"

ಚಿಕ್ಕವನು ತಾಯಿಯ ಕಡೆ ತಿರುಗಿ ಮತ್ತೆ ಅದನ್ನೇ ಹೇಳಿದ, ಇನ್ನೂ ಜೋರಾಗಿ. ಗಲ್ಲದ ಮೇಲೆ ಜೊಲ್ಲು ಇಳಿಯಿತು.

"ನೀರು ಬೇಕಂತೆ," ಎಂದ ದೊಡ್ಡವನು.

ಅವಳು ಸಂಭ್ರಮದಿಂದ ಲೋಟ ತಂದುಕೊಟ್ಟಳು. ದೊಡ್ಡವನು ತಮ್ಮನ ಕತ್ತಿನ ಕೆಳಗೆ ಕೈ ಕೊಟ್ಟು ಎತ್ತಿ ಹಿಡಿದ. ಚಿಕ್ಕವನು ತುಟಿ ಬಿಗಿದುಕೊಂಡ. ನೀರೆಲ್ಲ ಗಲ್ಲದಿಂದ ಅಂಗಿಯೊಳಗೆ ಹರಿಯಿತು. ಕಣ್ಣು ಮಾತ್ರ ತಾಯಿಯನ್ನೇ ಬೇಡುತ್ತಿತ್ತು.

"ಪಾಪ, ನುಂಗೋಕೆ ಆಗ್ತಿಲ್ಲ," ಎಂದಳು ತಾಯಿ. "ನೀನಿಲ್ದೆ ಹೋಗಿದ್ರೆ ಇವನ್ ಮಾತು ನಂಗ್ಯಾರೋ ಹೇಳ್ತಿದ್ರು?"

ದೊಡ್ಡವನು ಟವಲ್ಲಿನಿಂದ ತಮ್ಮನ ಗಲ್ಲ ಒರೆಸಿದ, ಒದ್ದೆಯಾದ ಅಂಗಿ ಬದಲಾಯಿಸಿದ, ದಿಂಬು ಸರಿಮಾಡಿದ. ಉಳಿದ ಬ್ರೆಡ್ಡನ್ನು ಒಂದೊಂದೇ ಚಮಚ ತುಟಿಯ ಸಂದಿನಲ್ಲಿ ತುರುಕಿ, ಅದು ಗಂಟಲಿಗಿಳಿಯುವವರೆಗೂ ಬಾಯಿಯ ಮೇಲೆ ಅಂಗೈ ಒತ್ತಿ ಹಿಡಿದ. ಅಂಗಡಿ ತೆರೆಯುವ ಹೊತ್ತಾಗಿತ್ತು.