ಡೊಂಬಿವಲಿಯ ತಿಳಿನೀಲಿ

ಉಲ್ಲನ್ ಕಂಪನಿಯ ಸ್ಯಾಂಪಲ್ ಚೀಲ ಹೊತ್ತು ಡೊಂಬಿವಲಿ ಸ್ಟೇಷನ್ ಹೊರಗಿನ ಉಲ್ಲನ್ ಅಂಗಡಿಗೆ ಬಂದಿದ್ದೆ. ಕುಂದಾಪುರದ ಕಡೆಯ ಹೆಂಗಸೊಬ್ಬರು, ತೀರಿಹೋದ ತಾಯಿ ಅರ್ಧ ಹೆಣೆದಿಟ್ಟ ನೀಲಿ ಶಾಲು ತಂದಿದ್ದರು. ಉಳಿದರ್ಧಕ್ಕೆ ಉಲ್ಲನ್ ಬೇಕಿತ್ತು. ನಮ್ಮ ಕಸುಬಿನಲ್ಲಿ ಬಣ್ಣ ಹೊಂದಿಸಲು ಟ್ಯೂಬ್‌ಲೈಟನ್ನು ಯಾರೂ ನಂಬುವುದಿಲ್ಲ. ಎರಡು ನೀಲಿ ಉಲ್ಲನ್ ಉಂಡೆಗಳನ್ನು ಬಾಗಿಲ ಬಿಸಿಲಿಗೆ ಒಯ್ದು ಶಾಲಿನ ಮೇಲಿಟ್ಟೆ. ಒಂದು ತುಸು ತಿಳಿ. ಇನ್ನೊಂದು ಶಾಲಿನೊಳಗೇ ಕರಗಿಹೋಯಿತು. ಲೋಕಲ್ ರೈಲು ಇಳಿದ ಜನ ಪಕ್ಕದಲ್ಲೇ ಹರಿಯುತ್ತಿದ್ದರು; ನಾವಿಬ್ಬರು ಮಾತ್ರ ಆ ನೀಲಿಯೊಳಗೆ ನಿಂತಂತಿತ್ತು.

"ಸೇಮ್ ಸಿಕ್ತು ಅಕ್ಕ! ಜೋಡಿಸಿದ್ದು ಯಾರಿಗೂ ಗೊತ್ತಾಗಲ್ಲ," ಎಂದೆ ಹೆಮ್ಮೆಯಿಂದ.

ಅವರು ಶಾಲಿನ ಅಂಚನ್ನು ಮೆಲ್ಲಗೆ ಸವರಿದರು. ಆಮೇಲೆ ತಿಳಿನೀಲಿ ಉಂಡೆಯನ್ನು ಎತ್ತಿಕೊಂಡರು.

"ಇದೇ ಇರ್ಲಿ ಮಾರಾಯ್ರೆ. ಅಮ್ಮ ಎಲ್ಲಿಗೆ ನಿಲ್ಸಿದ್ರು ಅಂತ ಕಾಣ್ಬೇಕಲ್ಲ."